ಇಗ್ನಿಷನ್ ಕಾಯಿಲ್ ಬಿಚ್ಚಿ ಕೂರಿಸಿದ ಮೇಲೆ ಮಿಸ್ಸಿಂಗ್: ಪೆಟ್ರೋಲ್–ಸಿಎನ್‌ಜಿ ಸರಕು ಗಾಡಿಗಳಿಗೆ ದೋಷ ನಿವಾರಣೆ ಕೈಪಿಡಿ

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಿಸಲು, ಹೊಸ ಸ್ಪಾರ್ಕ್ ಪ್ಲಗ್ ಹಾಕಲು ಅಥವಾ ಹೆಡ್ ಕೆಲಸಕ್ಕಾಗಿ, ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಬಿಚ್ಚಿ ಮತ್ತೆ ಕೂರಿಸಿದ ಬಳಿಕ ಗಾಡಿ ಮಿಸ್ಸಿಂಗ್ ಹೊಡೆಯತೊಡಗಿದರೆ (ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದೆ ಎಂಜಿನ್ ಅದುರತೊಡಗಿದರೆ), ಮೊದಲು ಅನುಮಾನಿಸಬೇಕಾದದ್ದು ಕಾಯಿಲನ್ನಲ್ಲ, ಅದನ್ನು ಕೂರಿಸಿದ ಕೆಲಸವನ್ನು. ಬಿಚ್ಚುವ ಮುನ್ನ ಸರಿಯಾಗಿ ಓಡುತ್ತಿದ್ದ ಎಂಜಿನ್ನಿನಲ್ಲಿ ಕಾಯಿಲ್ ಅದೇ ದಿನ ತಾನಾಗಿ ಸುಟ್ಟುಹೋಗುವುದು ಅಪರೂಪ. ಕನೆಕ್ಟರ್ ಪೂರ್ತಿ ಒಳಗೆ ಹೋಗದಿರುವುದು, ಬೂಟಿನೊಳಗಿನ (ಕಾಯಿಲನ್ನು ಪ್ಲಗ್ಗಿಗೆ ಸೇರಿಸುವ ರಬ್ಬರ್ ಕೊಳವೆಯೊಳಗಿನ) ಸ್ಪ್ರಿಂಗ್ ಕಳೆದುಹೋಗಿರುವುದು, ಪ್ಲಗ್ ಕೂರುವ ಆಳದ ಕುಳಿಯಾದ ಪ್ಲಗ್ ಬಾವಿಯಲ್ಲಿ ನೀರು ಅಥವಾ ಆಯಿಲ್ ನಿಂತಿರುವುದು, ಪ್ಲಗ್ಗಿನ ಪಿಂಗಾಣಿ ಸೀಳಿರುವುದು, ಇವೇ ಹೆಚ್ಚು. ಆದರೂ ನಮ್ಮ ಹುಬ್ಬಳ್ಳಿ ಕಡೆಯ ಗ್ಯಾರೇಜುಗಳಲ್ಲಿ ಮೊದಲು ಹೊಸ ಕಾಯಿಲ್ ತರಿಸಿ ಆಮೇಲೆ ಕಾರಣ ಹುಡುಕುವ ರೂಢಿ ಬೆಳೆದಿದೆ. ಈ ಕೈಪಿಡಿ ಅದಕ್ಕೆ ವಿರುದ್ಧವಾದ ಕ್ರಮವನ್ನು ಹೇಳುತ್ತದೆ.

ಡೀಸೆಲ್ ಲಾರಿಗೆ ಇದರ ಅಗತ್ಯವಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಅದಕ್ಕೆ ಕಾಯಿಲೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಹುಬ್ಬಳ್ಳಿಯ ಹಳೆಯ ಮಿಸ್ತ್ರಿಗಳಲ್ಲಿ ಬಹುಪಾಲು ಜನರ ಕೈ ಪಳಗಿದ್ದು ಡೀಸೆಲ್ ಎಂಜಿನ್ನಿನ ಮೇಲೆ. ಆದ್ದರಿಂದ ಗಾಡಿ ಮಿಸ್ಸಿಂಗ್ ಎಂದ ಕೂಡಲೇ ಅವರ ಮನಸ್ಸು ನಾಝಲ್, ಪಂಪು, ಫಿಲ್ಟರ್ ಕಡೆಗೆ ಹೋಗುತ್ತದೆ, ಸಿಎನ್‌ಜಿ ಗಾಡಿಯಾಗಿದ್ದರೆ ಗ್ಯಾಸ್ ಕಿಟ್ಟಿನ ಕಡೆಗೆ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 4 ಸಿಲಿಂಡರ್‌ಗಳ, ಪ್ರತಿ ಸಿಲಿಂಡರಿಗೆ ಪ್ಲಗ್ಗಿನ ಮೇಲೆಯೇ ಒಂದೊಂದು ಕಾಯಿಲ್ ಕೂರುವ, ಪೆಟ್ರೋಲಿಗೂ ಸಿಎನ್‌ಜಿಗೂ ಓಡುವ ಸಣ್ಣ ಸರಕು ಗಾಡಿಯನ್ನು. 2 ಅಥವಾ 3 ಸಿಲಿಂಡರಿನ ಗಾಡಿಗೂ ವಿಧಾನ ಅದೇ.

ಗ್ಯಾಸಿನಲ್ಲಿ ಮಾತ್ರವೋ, ಎರಡರಲ್ಲೂ?

ಪಾನಾ ಹಿಡಿಯುವ ಮೊದಲು ಚಾಲಕನನ್ನು ಕೇಳಬೇಕಾದ ಪ್ರಶ್ನೆ ಇದೊಂದೇ. ಹೆಚ್ಚಿನ ಸಲ ಬರುವ ಉತ್ತರ: “ಪೆಟ್ರೋಲ್‌ನ್ಯಾಗ ಚಲೋ ಓಡ್ತೈತ್ರಿ, ಗ್ಯಾಸಿಗೆ ಹಾಕಿದ್ರ ಮಿಸ್ಸಿಂಗ್ ಹೊಡಿತೈತಿ, ಏರಿನ್ಯಾಗ ಪಿಕಪ್ ಇಲ್ಲ.” ಈ ಮಾತು ಕೇಳಿದ ತಕ್ಷಣ ಗ್ಯಾಸ್ ಕಿಟ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಆತುರದ ಕೆಲಸ. ಸಿಲಿಂಡರಿನೊಳಗೆ ಸಿಎನ್‌ಜಿ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ವೋಲ್ಟೇಜ್ ಏರುತ್ತಿರುವಾಗ ಪ್ಲಗ್ಗಿನ ಗ್ಯಾಪಿಗಿಂತ ಸುಲಭದ ದಾರಿ ಬೇರೆಡೆ ಸಿಕ್ಕರೆ, ಅಂದರೆ ಒದ್ದೆಯಾದ ಬೂಟು, ಸೀಳಿದ ಪಿಂಗಾಣಿ ಅಥವಾ ಕೊಳೆ ಹಿಡಿದ ಪ್ಲಗ್ ಬಾವಿ ಇದ್ದರೆ, ಕಿಡಿ ಅಲ್ಲಿಂದಲೇ ಎಂಜಿನ್ನಿನ ಲೋಹಕ್ಕೆ ಇಳಿದುಹೋಗುತ್ತದೆ. ಪೆಟ್ರೋಲಿನಲ್ಲಿ ಕಡಿಮೆ ವೋಲ್ಟೇಜಿಗೇ ಕೆಲಸ ನಡೆಯುವುದರಿಂದ ಈ ದೋಷ ಮುಚ್ಚಿಕೊಂಡಿರುತ್ತದೆ, ಗ್ಯಾಸಿಗೆ ಬದಲಾಯಿಸಿದ ಕೂಡಲೇ ಹೊರಬೀಳುತ್ತದೆ. ಭಾರ ತುಂಬಿ ಏರು ಹತ್ತುವಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ ಇನ್ನೂ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ, ನಿಂತಲ್ಲಿ ಚೆನ್ನಾಗಿರುವ ಗಾಡಿ ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಅರಬೈಲ್ ಘಟ್ಟ ಹತ್ತುವಾಗ ಕೈಕೊಡುತ್ತದೆ.

ಹೀಗಾಗಿ ಇಂಧನ ಬದಲಿಸುವ ಸ್ವಿಚ್ಚೇ ಇಲ್ಲಿ ನಮ್ಮ ಮೊದಲ ಪರೀಕ್ಷಾ ಸಾಧನ. ಗ್ಯಾಸಿನಲ್ಲಿ ಮಾತ್ರ ಮಿಸ್ಸಿಂಗ್ ಇದ್ದು, ಸ್ಕ್ಯಾನರಿನಲ್ಲಿ ಅದು ಒಂದೇ ಸಿಲಿಂಡರಿನ ಮೇಲೆ ದಾಖಲಾಗಿದ್ದರೆ, ಕಿಡಿಯ ಸೋರಿಕೆಯ ಸಾಧ್ಯತೆಯೇ ಹೆಚ್ಚು. ಆ ಸಿಲಿಂಡರಿನ ಗ್ಯಾಸ್ ಇಂಜೆಕ್ಟರ್ ಎರಡನೆಯ ಅನುಮಾನ. ಎಲ್ಲ ಸಿಲಿಂಡರ್‌ಗಳ ಮೇಲೂ ಹರಡಿದ್ದರೆ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್, ಗ್ಯಾಸ್ ಫಿಲ್ಟರ್ ಮತ್ತು ಒತ್ತಡವನ್ನು ನೋಡಬೇಕು. ಎರಡೂ ಇಂಧನದಲ್ಲಿ ಒಂದೇ ರೀತಿ ಒಂದು ಸಿಲಿಂಡರ್ ಸತ್ತಿದ್ದರೆ ಕನೆಕ್ಟರ್, ಸ್ಪ್ರಿಂಗ್, ಪ್ಲಗ್ ಅಥವಾ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ). ಪೆಟ್ರೋಲಿನಲ್ಲಿ ಮಾತ್ರ ಮಿಸ್ಸಿಂಗ್ ಇದ್ದರೆ ಕಾಯಿಲ್ ಬಹುಮಟ್ಟಿಗೆ ನಿರಪರಾಧಿ. ಒಂದು ಎಚ್ಚರಿಕೆ ಮಾತ್ರ ಬೇಕು: ಸಿಎನ್‌ಜಿ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು 5 ಲೀಟರಿನಷ್ಟು ಸಣ್ಣದಿರುವುದುಂಟು, ಅದರಲ್ಲಿನ ಪೆಟ್ರೋಲು ತಿಂಗಳುಗಟ್ಟಲೆ ಹಾಗೇ ನಿಂತು ಹಳಸಿರುತ್ತದೆ. ಅಂಥ ಪೆಟ್ರೋಲಿನಲ್ಲಿ ಓಡಿಸಿ ನೋಡಿದ ಪರೀಕ್ಷೆಯನ್ನು ನಂಬುವಂತಿಲ್ಲ; ಹೊಸ ಪೆಟ್ರೋಲ್ ಹಾಕಿಯೇ ನೋಡಬೇಕು.

ಬಾನೆಟ್ ಅಥವಾ ಸೀಟು ಎತ್ತಿದಾಗ ಗ್ಯಾಸಿನ ವಾಸನೆ ಬಂದರೆ ಕಿಡಿಯ ಯಾವ ಪರೀಕ್ಷೆಯನ್ನೂ ಮಾಡಬಾರದು. ಗ್ಯಾಸ್ ಸಿಲಿಂಡರಿನ ಕೈವಾಲ್ವ್ ಮುಚ್ಚಿ, ಗಾಡಿಯನ್ನು ಬಯಲಿಗೆ ತಳ್ಳಿ, ಸೋರಿಕೆ ಸರಿಯಾದ ಮೇಲಷ್ಟೇ ಮುಂದುವರಿಯಬೇಕು.

ಕೋಡ್ ಬರೆದುಕೊಳ್ಳುವುದು

ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಚೆಕ್ ಎಂಜಿನ್ ದೀಪ ಆರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗೆ ಮಾಡಿದರೆ ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಎಂಜಿನ್ನಿನ ವೇಗ ಎಷ್ಟಿತ್ತು, ಭಾರ ಎಷ್ಟಿತ್ತು, ಶಾಖ ಎಷ್ಟಿತ್ತು ಎಂದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಉಳಿಸಿಟ್ಟ ದಾಖಲೆಯೂ ಅಳಿಸಿಹೋಗುತ್ತದೆ. ಮೊದಲು ಸ್ಕ್ಯಾನರ್ ಹಾಕಿ ಎಲ್ಲವನ್ನೂ ಬರೆದುಕೊಳ್ಳಿ. ಪಿ 0301ರಿಂದ ಪಿ 0304ರವರೆಗಿನ ಕೋಡುಗಳು ಕ್ರಮವಾಗಿ 1ರಿಂದ 4ನೆಯ ಸಿಲಿಂಡರಿನ ಮಿಸ್ಸಿಂಗ್, ಅಂದರೆ ಮಿಸ್‌ಫೈರ್. ಪಿ 0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ ಗೊತ್ತುಗುರಿಯಿಲ್ಲದ ಮಿಸ್‌ಫೈರ್. ಪಿ 0351ರಿಂದ ಪಿ 0354 ಆಯಾ ಕಾಯಿಲಿನ ವಿದ್ಯುತ್ ಮಂಡಲದ ದೋಷ. ಈ ಎರಡು ಬಗೆಗಳ ನಡುವಿನ ವ್ಯತ್ಯಾಸ ದೊಡ್ಡದು. ಪಿ 0352 ಬಂದಿದ್ದರೆ 2ನೆಯ ಕಾಯಿಲಿನ ಕನೆಕ್ಟರ್, ವೈರು ಅಥವಾ ಕಾಯಿಲಿನ ಒಳಸುತ್ತು ಎಂದು ಇಸಿಎಂ ಬೆರಳು ಮಾಡಿ ತೋರಿಸುತ್ತಿದೆ. ಬರೀ ಪಿ 0302 ಬಂದಿದ್ದರೆ ಇಸಿಎಂಗೆ ಗೊತ್ತಿರುವುದು ಆ ಸಿಲಿಂಡರ್ ಬಲ ಕೊಡುತ್ತಿಲ್ಲ ಎಂಬುದಷ್ಟೇ. ಕಾರಣ ಕಿಡಿಯೋ ಇಂಧನವೋ ವಾಲ್ವೋ ಎಂಬುದನ್ನು ನಾವೇ ಹುಡುಕಬೇಕು. “ಸ್ಕ್ಯಾನರ್ ಕಾಯಿಲ್ ಹೋಗಿದೆ ಎಂದು ತೋರಿಸಿತು” ಎಂದು ಗಿರಾಕಿಗೆ ಹೇಳುವ ಮಾತಿನಲ್ಲಿ ಅರ್ಧ ಭಾಗ ಸ್ಕ್ಯಾನರಿನದಲ್ಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಚೆಕ್ ಎಂಜಿನ್ ದೀಪ ಮಿಣುಕತೊಡಗಿದರೆ ಮಿಸ್‌ಫೈರ್ ತೀವ್ರವಾಗಿದೆ ಎಂದು ತಿಳಿಯಬೇಕು. ಸುಡದ ಇಂಧನ ಸೈಲೆನ್ಸರಿನ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡರೆ ಅದರ ಜೇನುಗೂಡಿನಂಥ ಒಳಭಾಗ ಕರಗುತ್ತದೆ. ಲೋಡು ಇಳಿಸಿ ನೋಡೋಣ ಎಂದು ಹುಬ್ಬಳ್ಳಿಯಿಂದ ಗದಗದವರೆಗೆ ಹಾಗೇ ಓಡಿಸುವುದಕ್ಕಿಂತ ಎಲ್ಲಿದೆಯೋ ಅಲ್ಲೇ ನಿಲ್ಲಿಸುವುದು ಅಗ್ಗ.

ಕೈಗೆ ಮತ್ತು ಕಣ್ಣಿಗೆ ಸಿಗುವ ತಪ್ಪುಗಳು

ಇಗ್ನಿಷನ್ ಆಫ್ ಮಾಡಿ, ಎಂಜಿನ್ ತಣಿಯಲು ಬಿಟ್ಟು, ಕೆಲಸಕ್ಕಾಗಿ ಏನೇನು ಬಿಚ್ಚಲಾಗಿತ್ತೋ ಅದೆಲ್ಲವನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಕಾಯಿಲ್ ತಲುಪಲು ಅಡ್ಡ ಬರುವ ಗಾಳಿ ಹೋಸ್, ಬ್ರೀದರ್ ಪೈಪು, ಕ್ಯಾಮ್ ಸೆನ್ಸರಿನ ಕನೆಕ್ಟರ್ ಇವುಗಳಲ್ಲಿ ಒಂದನ್ನು ಮತ್ತೆ ಕೂರಿಸಲು ಮರೆತರೆ ಬರುವ ಅದುರಾಟವೂ ಮಿಸ್‌ಫೈರಿನಂತೆಯೇ ಇರುತ್ತದೆ.

ಬಳಿಕ ಕಾಯಿಲಿನ ಕನೆಕ್ಟರ್‌ಗಳು. ಎಂಜಿನ್ನಿನ ಬಿಸಿಗೆ ಅವುಗಳ ಪ್ಲಾಸ್ಟಿಕ್ ಲಾಕ್ ಗರಿಗರಿಯಾಗಿ, ಸ್ಕ್ರೂಡ್ರೈವರ್ ಹಾಕಿ ಎಬ್ಬಿದಾಗ ಮುರಿದಿರುತ್ತದೆ. ಲಾಕ್ ಮುರಿದ ಕನೆಕ್ಟರ್ ಗ್ಯಾರೇಜಿನಲ್ಲಿ ಚೆನ್ನಾಗಿಯೇ ಕೂತಂತೆ ಕಂಡು, ರಸ್ತೆಯ ಗುಂಡಿಗಳಲ್ಲಿ ನಡುಗಿ ಒಂದು ಗೆರೆಯಷ್ಟು ಹಿಂದೆ ಸರಿಯುತ್ತದೆ. ಅದಕ್ಕೆ ಟೇಪು ಸುತ್ತುವುದು ಊರು ಮುಟ್ಟುವವರೆಗಿನ ಉಪಾಯ ಮಾತ್ರ. ಲಾಕ್ ಚೆನ್ನಾಗಿದ್ದರೂ ಒಳಗಿನ ಪಿನ್ ಹಿಂದಕ್ಕೆ ಜಾರಿರಬಹುದು: ಕನೆಕ್ಟರ್ ಬಿಚ್ಚಿ ಬಾಯಿಯ ಕಡೆಯಿಂದ ಬೆಳಕು ಬಿಟ್ಟು ನೋಡಿದರೆ ಎಲ್ಲ ಪಿನ್‌ಗಳೂ ಒಂದೇ ಮಟ್ಟದಲ್ಲಿರಬೇಕು, ಒಂದು ಒಳಗೆ ಕುಳಿತಂತೆ ಕಂಡರೆ ದೋಷ ಅಲ್ಲಿಯೇ ಇದೆ.

ಹಾರ್ನೆಸ್ಸಿನ ವೈರುಗಳು ಸಡಿಲವಾಗಿರುವ ಗಾಡಿಗಳಲ್ಲಿ 2 ಮತ್ತು 3ನೆಯ ಕನೆಕ್ಟರುಗಳು ಅದಲುಬದಲಾಗಲು ಅವಕಾಶವಿದೆ. 1-3-4-2 ಕ್ರಮದಲ್ಲಿ ಕಿಡಿ ಹಾರುವ ಎಂಜಿನ್ನಿನಲ್ಲಿ 2 ಮತ್ತು 3ನೆಯ ಪಿಸ್ಟನ್ನುಗಳು ಒಟ್ಟಿಗೇ ಮೇಲೇರಿ ಒಟ್ಟಿಗೇ ಇಳಿಯುತ್ತವೆ, ಆದರೆ ಒಂದು ಕಂಪ್ರೆಷನ್ನಿನಲ್ಲಿದ್ದಾಗ ಇನ್ನೊಂದು ಹೊಗೆ ಹೊರಹಾಕುತ್ತಿರುತ್ತದೆ. ಕನೆಕ್ಟರ್ ಅದಲುಬದಲಾದರೆ ಎರಡೂ ಸಿಲಿಂಡರ್‌ಗಳಲ್ಲಿ ಕಿಡಿ ಒಂದು ಪೂರ್ತಿ ಸುತ್ತಿನಷ್ಟು ತಪ್ಪಿ, ಎಕ್ಸಾಸ್ಟ್ ಮುಗಿದು ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೆ ಹಾರುತ್ತದೆ. ಆಗ ಪಿ 0302 ಮತ್ತು ಪಿ 0303 ಜೋಡಿಯಾಗಿ ಬರುತ್ತವೆ, ಗಾಳಿ ಹೋಸಿನೊಳಗೆ “ಢಬ್” ಎಂದು ಹಿಮ್ಮುಖ ಸ್ಫೋಟವೂ ಆಗಬಹುದು. ಸಿಎನ್‌ಜಿಯಲ್ಲಿ ಆ ಏಟಿಗೆ ಏರ್ ಫಿಲ್ಟರಿನ ಡಬ್ಬಿಯೇ ಒಡೆಯುವುದುಂಟು. ಜೋಡಿ ಕೋಡ್ ಕಂಡರೆ ಗ್ಯಾಸಿಗೆ ಹಾಕದೆ ಮೊದಲು ಕನೆಕ್ಟರಿನ ಕ್ರಮ ನೋಡಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಪ್ರತಿ ಕಾಯಿಲಿನ ತಲೆಯ ಮೇಲೆ ಮಾರ್ಕರಿನಿಂದ ಸಂಖ್ಯೆ ಬರೆದಿದ್ದರೆ ಈ ಗೊಂದಲವೇ ಇರುವುದಿಲ್ಲ.

ಪ್ಲಗ್ ಬಾವಿಯೊಳಗೆ

ಕನೆಕ್ಟರ್‌ಗಳು ಸರಿಯಿದ್ದರೆ ಕೋಡ್ ತೋರಿಸಿದ ಸಿಲಿಂಡರಿನ ಕಾಯಿಲನ್ನು ಹೊರತೆಗೆಯಬೇಕು. ಬೋಲ್ಟ್ ಬಿಚ್ಚಿದ ಮೇಲೆ ಕಾಯಿಲನ್ನು ನೇರ ಎಳೆಯದೆ, ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಬೂಟು ಪ್ಲಗ್ಗಿನಿಂದ ಬಿಡಿಸಿಕೊಂಡ ಮೇಲೆ ಎತ್ತಬೇಕು. ಎಳೆದ ರಭಸಕ್ಕೆ ರಬ್ಬರ್ ಹರಿದು ಅರ್ಧ ಬಾವಿಯಲ್ಲೇ ಉಳಿದುಬಿಡುತ್ತದೆ.

ಬಾವಿಯಲ್ಲಿ ಏನಿದೆ ಎಂಬುದು ಗಾಡಿ ಓಡಾಡುವ ಸೀಮೆಯನ್ನೂ ಹೇಳುತ್ತದೆ. ಗದಗ, ರೋಣ, ನವಲಗುಂದದ ಎರೆ ನೆಲದಲ್ಲಿ ತಿರುಗುವ ಗಾಡಿಯ ಬಾವಿಯಲ್ಲಿ ಹಿಟ್ಟಿನಂಥ ಕಪ್ಪು ಧೂಳು ಸೇರಿರುತ್ತದೆ; ಸೀಟಿನ ಅಡಿಯಲ್ಲಿ ಎಂಜಿನ್ ಇರುವ ಗಾಡಿಗಳಲ್ಲಿ ಸೀಟು ಎತ್ತಿದಾಗಲೇ ಅರ್ಧ ಧೂಳು ಒಳಗೆ ಬೀಳುತ್ತದೆ. ಪ್ಲಗ್ ಬಿಚ್ಚುವ ಮುನ್ನ ಕಂಪ್ರೆಸರ್ ಗಾಳಿ ಹೊಡೆದು ಅದನ್ನು ಹಾರಿಸದಿದ್ದರೆ ಅದು ನೇರ ಸಿಲಿಂಡರಿಗೆ ಇಳಿದು ರಿಂಗುಗಳನ್ನು ಗೀರುತ್ತದೆ. ಗಾಳಿ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಕಲಘಟಗಿ, ಹಾನಗಲ್ಲಿನ ಮಳೆ ಸೀಮೆಯ ಗಾಡಿಗಳಲ್ಲಿ ತೇವ ಮತ್ತು ಪ್ಲಗ್ಗಿನ ಷಟ್ಕೋನದ ಮೇಲೆ ತುಕ್ಕು ಕಾಣುತ್ತದೆ. ಎಲ್ಲ ಸೀಮೆಗಳಿಗೂ ಸಮಾನವಾದ ಪೀಡೆಯೆಂದರೆ ವಾಟರ್ ಸರ್ವಿಸ್: ಹೆಡ್ ಕೆಲಸ ಮುಗಿದ ಖುಷಿಗೆ ಎಂಜಿನ್ನಿಗೂ ಪ್ರೆಷರ್ ನೀರು ಹೊಡೆಸಿದರೆ, ಬೂಟಿನ ಮೇಲಂಚಿನ ಸೀಲ್ ದಾಟಿ ನೀರು ಬಾವಿಯಲ್ಲಿ ನಿಲ್ಲುತ್ತದೆ, ಎಂಜಿನ್ ಬಿಸಿಯಾದಂತೆ ಆವಿಯಾಗಿ ಬೂಟಿನ ಒಳಮೈಗೆ ಹತ್ತುತ್ತದೆ. ಬಾವಿಯಲ್ಲಿ ಆಯಿಲ್ ಇದ್ದರೆ ಟ್ಯಾಪೆಟ್ ಕವರಿನಲ್ಲಿರುವ ಪ್ಲಗ್ ಬಾವಿಯ ಉಂಗುರ ಸೀಲ್ ಹೋಗಿದೆ ಎಂದರ್ಥ. ಬಟ್ಟೆಯಿಂದ ಒರೆಸಿ ಕಾಯಿಲ್ ಕೂರಿಸಿದರೆ ಕೆಲವೇ ದಿನಗಳಲ್ಲಿ ಅದೇ ದೂರು ಮರಳುತ್ತದೆ, ಏಕೆಂದರೆ ಆಯಿಲ್ ತಗುಲಿದ ಬೂಟು ಮೆತ್ತಗಾಗಿ ಊದಿಕೊಂಡು ಪ್ಲಗ್ಗನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಈಗ ಬೂಟು ಮತ್ತು ಪ್ಲಗ್ಗನ್ನು ಬಿಸಿಲಿಗೆ ಹಿಡಿದು ನೋಡಿ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ತುದಿಯ ಟರ್ಮಿನಲ್ಲಿನಿಂದ ಷಟ್ಕೋನದವರೆಗೆ, ಪೆನ್ಸಿಲಿನಿಂದ ಎಳೆದಂಥ ಒಂದು ತೆಳು ಕಪ್ಪು ಗೆರೆ ಅಂಕುಡೊಂಕಾಗಿ ಇಳಿದಿದ್ದರೆ ಕಿಡಿ ಗ್ಯಾಪಿನಲ್ಲಿ ಹಾರದೆ ಹೊರಮೈಯಲ್ಲಿ ಓಡಿದೆ. ಅದೇ ಗೆರೆಯ ಜೋಡಿ ಬೂಟಿನ ಒಳಗೋಡೆಯಲ್ಲೂ ಇರುತ್ತದೆ; ಬೂಟಿನ ಬಾಯಿಯನ್ನು ಬೆರಳಿನಿಂದ ಅಗಲಿಸಿ ಟಾರ್ಚ್ ಹಾಕಿದರೆ ಕಾಣುತ್ತದೆ. ಉಗುರಿನಿಂದ ಕೆರೆದರೂ ಪೆಟ್ರೋಲಿನಲ್ಲಿ ತೊಳೆದರೂ ಈ ದಾರಿ ಮುಚ್ಚುವುದಿಲ್ಲ, ಇಂಗಾಲ ಮೈಯೊಳಗೆ ಕೂತಿರುತ್ತದೆ. ಬರೀ ಪ್ಲಗ್ ಬದಲಿಸಿದರೆ ಹಳೆಯ ಬೂಟು ಹೊಸ ಪ್ಲಗ್ಗನ್ನು ಸುಡುತ್ತದೆ, ಬರೀ ಬೂಟು ಬದಲಿಸಿದರೆ ಹಳೆಯ ಪ್ಲಗ್ಗು ಹೊಸ ಬೂಟನ್ನು. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಬಹಳಷ್ಟು ಮಾದರಿಗಳಲ್ಲಿ ಬೂಟು ಮಾತ್ರ ಬೇರೆಯಾಗಿ ಸಿಗುತ್ತದೆ, ಇಡೀ ಕಾಯಿಲಿನ ಬೆಲೆ ತೆರುವ ಮುನ್ನ ಅಂಗಡಿಯಲ್ಲಿ ವಿಚಾರಿಸಿ. ಪಿಂಗಾಣಿ ಲೋಹವನ್ನು ಸೇರುವ ಜಾಗದಲ್ಲಿ ಸುತ್ತಲೂ ಕಾಣುವ ತಿಳಿ ಕಂದು ಕಲೆ ಬೇರೆ ಸಂಗತಿ. ಅದನ್ನು ಗ್ಯಾಸ್ ಸೋರಿಕೆ ಎಂದು ತಿಳಿದು ಒಳ್ಳೆಯ ಪ್ಲಗ್ಗುಗಳನ್ನು ಎಸೆದವರಿದ್ದಾರೆ. ಹೆಚ್ಚಿನ ವೋಲ್ಟೇಜಿನ ಸುತ್ತ ಗಾಳಿಯಲ್ಲಿರುವ ಎಣ್ಣೆಯ ಕಣ ಅಂಟಿ ಮೂಡುವ ಈ ಕಲೆಯಿಂದ ಕೆಡುಕಿಲ್ಲ.

ಬೂಟಿನೊಳಗಿನ ಸ್ಪ್ರಿಂಗ್ ಇದೆಯೇ ಎಂದೂ ನೋಡಿ. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಬರುವ ಒಂದು ಗಾಡಿಗೆ ಪ್ಯಾಕಿಂಗ್ ಬದಲಿಸಿದ ಮೇಲೆ ಶುರುವಾದ ಮಿಸ್ಸಿಂಗಿಗಾಗಿ ಎರಡು ಕಡೆ ಗ್ಯಾಸ್ ಇಂಜೆಕ್ಟರ್ ತೊಳೆಸಲಾಗಿತ್ತು. 3ನೆಯ ಬೂಟಿನೊಳಗೆ ಸ್ಪ್ರಿಂಗೇ ಇರಲಿಲ್ಲ. ಕಾಯಿಲಿನ ತುದಿಯಿಂದ ಪ್ಲಗ್ಗಿನ ತಲೆಯವರೆಗೆ ಕಿಡಿ ಗಾಳಿಯಲ್ಲೇ ಜಿಗಿದು ಪೆಟ್ರೋಲಿನಲ್ಲಿ ಹೇಗೋ ಎಂಜಿನ್ ನಡೆಸುತ್ತಿತ್ತು, ಗ್ಯಾಸಿನಲ್ಲಿ ಸೋಲುತ್ತಿತ್ತು. ಬೂಟುಗಳನ್ನು ಕಳಚಿ ಒರೆಸುವಾಗ ಬಿದ್ದ ಸ್ಪ್ರಿಂಗ್ ಬೆಂಚಿನ ಕೆಳಗೆ ಹೋಗಿರಬೇಕು.

ಪ್ಲಗ್ ಬಿಚ್ಚಿದರೆ ಗ್ಯಾಪ್ ಅಳೆಯಿರಿ. ಪ್ಲಗ್ಗನ್ನು ಬಾವಿಯೊಳಕ್ಕೆ ಕೈಬಿಟ್ಟು ಬೀಳಿಸಿದರೆ ಅದರ ಬಾಗಿದ ತುದಿ ಬಡಿದು ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಹೊಸ ಪ್ಲಗ್ ಹಾಕಿದ ಕೂಡಲೇ ಒಂದು ಸಿಲಿಂಡರ್ ಸಾಯಲು ಇದೊಂದು ಸಾಮಾನ್ಯ ಕಾರಣ. ಸಿಎನ್‌ಜಿ ಗಾಡಿಗೆ ಪೆಟ್ರೋಲ್ ಮಾದರಿಗಿಂತ ಸಣ್ಣ ಗ್ಯಾಪ್ ಹೇಳಿರುವುದು ವಾಡಿಕೆ, 0.7ರಿಂದ 0.8 ಮಿ.ಮೀ. ಸುತ್ತಮುತ್ತ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಪೆಟ್ರೋಲ್ ಮಾದರಿಯ ಪ್ಲಗ್ಗನ್ನು ಹಾಗೆಯೇ ಹಾಕಿದರೆ ಗ್ಯಾಪ್ ದೊಡ್ಡದಾಗಿ, ಕಾಯಿಲ್ ಸದಾ ತನ್ನ ಮಿತಿಯಲ್ಲೇ ದುಡಿಯುತ್ತದೆ. ಇರಿಡಿಯಮ್ ಪ್ಲಗ್ಗಿನ ತುದಿಯನ್ನು ಫೀಲರ್ ಗೇಜಿನಿಂದ ಮೀಟಬಾರದು.

ಕಾಯಿಲ್ ಅದಲುಬದಲು ಪರೀಕ್ಷೆ

ಮೇಲಿನದೆಲ್ಲ ಸರಿಯಿದ್ದೂ ಪಿ 0302 ಮರಳಿದರೆ, 2ನೆಯ ಕಾಯಿಲನ್ನು 4ಕ್ಕೂ 4ನೆಯದನ್ನು 2ಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿ. ಪ್ಲಗ್ಗುಗಳನ್ನು ಅವು ಇದ್ದಲ್ಲೇ ಬಿಡಬೇಕು, ಕನೆಕ್ಟರುಗಳೂ ತಮ್ಮ ತಮ್ಮ ಸಿಲಿಂಡರಿನಲ್ಲೇ ಇರಬೇಕು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸದಿದ್ದರೆ ಉತ್ತರ ಸಿಗುವುದಿಲ್ಲ. ಕೋಡ್ ಪಿ 0304 ಆಗಿ ಬದಲಾದರೆ ಕಾಯಿಲ್ ಅಥವಾ ಅದರ ಬೂಟು ತಪ್ಪಿತಸ್ಥ. ಪಿ 0302 ಆಗಿಯೇ ಉಳಿದರೆ ಕಾಯಿಲ್ ಬಿಡುಗಡೆ. ಹಣ ಖರ್ಚಾಗದ, ವಾದಕ್ಕೆ ಎಡೆಯಿಲ್ಲದ ಪರೀಕ್ಷೆ ಇದಕ್ಕಿಂತ ಬೇರೆ ಇಲ್ಲ, ಆದರೂ ಇದನ್ನು ಮಾಡದೆ ನಾಲ್ಕೂ ಕಾಯಿಲ್ ಬದಲಿಸಿದ ಬಿಲ್ಲುಗಳು ಕಾಣಸಿಗುತ್ತವೆ.

ಎಂಜಿನ್ ಓಡುತ್ತಿರುವಾಗಲೇ ಕಾಯಿಲನ್ನು ಎತ್ತಿ ಕಿಡಿ ನೋಡುವ ಹಳೆಯ ಅಭ್ಯಾಸವನ್ನು ಬಿಡಬೇಕು. ಹೋಗಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲಿನ ಒಳಗಿನ ನಿರೋಧಕವನ್ನೇ ಸೀಳುತ್ತದೆ, ಕೆಲವೊಮ್ಮೆ ಇಸಿಎಂನೊಳಗೆ ಕಾಯಿಲನ್ನು ನಡೆಸುವ ಡ್ರೈವರ್ ಭಾಗವನ್ನೂ ಹಿಡಿದ ಕೈಯನ್ನೂ ಬಿಡುವುದಿಲ್ಲ.

ಮಲ್ಟಿಮೀಟರಿನಿಂದ ಕಾಯಿಲ್ ಅಳೆಯುವವರು ಒಂದು ಮಾತು ನೆನಪಿಡಬೇಕು. 2 ಪಿನ್ನಿನ ಕಾಯಿಲಿನಲ್ಲಿ ಪ್ರೈಮರಿ ಸುತ್ತು ಸಾಮಾನ್ಯವಾಗಿ 1 ಓಮಿನ ಆಸುಪಾಸು ತೋರಿಸುತ್ತದೆ. ಮೀಟರಿನ ವೈರುಗಳ ತಡೆಯನ್ನು ಅದರಿಂದ ಕಳೆಯಬೇಕು. 3 ಪಿನ್ನಿನ ಕಾಯಿಲಿನೊಳಗೆ ಎಲೆಕ್ಟ್ರಾನಿಕ್ ಭಾಗ ಇರುವುದರಿಂದ ಓಮಿನ ಅಳತೆಗೆ ಅರ್ಥವಿಲ್ಲ. ಅಳತೆ ಸರಿ ಬಂದರೂ ಬಿಸಿಯಾದ ಮೇಲೆ ಒಳಗೆ ಸೀಳು ಬಿಡುವ ಕಾಯಿಲನ್ನು ತಣ್ಣಗಿರುವಾಗ ಮೀಟರು ಹಿಡಿಯಲಾರದು. ಅದಕ್ಕಿಂತ ಕನೆಕ್ಟರಿನ ಕಡೆಯ ಅಳತೆ ಉಪಯುಕ್ತ: ಇಗ್ನಿಷನ್ ಆನ್ ಇದ್ದಾಗ ಸಪ್ಲೈ ಪಿನ್ನಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಸಿಗ್ನಲ್ ಪಿನ್ನಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬಾರದು, ಅದು ಎಳೆಯುವ ಕರೆಂಟ್ ಇಸಿಎಂಗೆ ಭಾರವಾಗುತ್ತದೆ; ಎಲ್‌ಇಡಿ ಲ್ಯಾಂಪ್ ಬಳಸಿ. ಎಂಜಿನ್ ಓಡುತ್ತಾ ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ಮೈನಸ್ ಮತ್ತು ಎಂಜಿನ್ ಬ್ಲಾಕಿನ ನಡುವೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಬಿಗಿಯಬೇಕು. ಹೆಡ್ ಕೆಲಸದಲ್ಲಿ ಆ ಪಟ್ಟಿಯ ಬೋಲ್ಟನ್ನು ಬಣ್ಣದ ಮೇಲೆಯೇ ಕೂರಿಸುವುದುಂಟು.

ಮರಳಿ ಕೂರಿಸುವಾಗ

ಅಲ್ಯುಮಿನಿಯಂ ಹೆಡ್ಡಿಗೆ ಪ್ಲಗ್ಗನ್ನು ಎಂಜಿನ್ ತಣ್ಣಗಿರುವಾಗಲೇ ಹಾಕಬೇಕು. ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ಹೋಸ್ ಸಿಕ್ಕಿಸಿ ಬೆರಳಿನಿಂದ ತಿರುಗಿಸುತ್ತಾ ಹೋದರೆ, ಥ್ರೆಡ್ ಅಡ್ಡ ಹತ್ತಿದಾಗ ಹೋಸ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೊನೆಯ ಬಿಗಿತ ಪುಸ್ತಕದ ಅಂಕಿಗೆ ಟಾರ್ಕ್ ರೆಂಚಿನಿಂದ. ಸಾಕೆಟನ್ನು ಓರೆಯಾಗಿ ಹಿಡಿದರೆ ಪಿಂಗಾಣಿ ಕೂದಲೆಳೆಯಷ್ಟು ಸೀಳುತ್ತದೆ, ಅದು ಬರಿಗಣ್ಣಿಗೆ ಕಾಣದೆ ಗ್ಯಾಸಿನಲ್ಲಿ ಮಾತ್ರ ಕಾಡುತ್ತದೆ.

ಬೂಟಿನ ಬಾಯಿಯ ಒಳಅಂಚಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿ, ಸ್ಪ್ರಿಂಗಿಗೆ ಬೇಡ. ವ್ಯಾಸಲೀನ್ ಅಥವಾ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದುತ್ತದೆ. ಕಾಯಿಲನ್ನು ನೇರವಾಗಿ ಇಳಿಸಿ, ಬೂಟು ಪ್ಲಗ್ಗಿನ ಮೇಲೆ ಕೂತದ್ದು ಕೈಗೆ ತಿಳಿಯುವವರೆಗೆ ಒತ್ತಿ, ಸ್ವಲ್ಪ ತಿರುಗಿಸಿ ಒಳಗಿನ ಗಾಳಿ ಬಿಡಿ. ಕೈ ಎತ್ತಿದಾಗ ಕಾಯಿಲ್ ಮೇಲೇಳುತ್ತಿದ್ದರೆ ಅದು ಇನ್ನೂ ಕೂತಿಲ್ಲ, ಬೋಲ್ಟಿನಿಂದ ಎಳೆದು ಕೂರಿಸಲು ಹೋಗಬೇಡಿ. 6 ಮಿ.ಮೀ. ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು, ಇಂಪ್ಯಾಕ್ಟ್ ಗನ್ ಹಿಡಿದರೆ ಕವರಿನ ಥ್ರೆಡ್ ಹೋಗುತ್ತದೆ. ಕೊನೆಗೆ ಕನೆಕ್ಟರ್ ಲಾಕಿನ “ಟಕ್” ಸದ್ದು ಕೇಳಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ಓಡಿಸಿ ನೋಡುವುದು ಖಾಲಿ ಗಾಡಿಯಲ್ಲಲ್ಲ. ಒಂದಿಷ್ಟು ತೂಕ ಹೇರಿ, ಗ್ಯಾಸಿನಲ್ಲಿ, ಹುಬ್ಬಳ್ಳಿಯಿಂದ ಎತ್ತರದಲ್ಲಿರುವ ಧಾರವಾಡದ ಕಡೆಗೆ ಮೇಲಿನ ಗಿಯರಿನಲ್ಲಿ ಏರು ಹತ್ತಿಸಿ, ಮರಳಿ ಬಂದು ಸ್ಕ್ಯಾನರಿನಲ್ಲಿ ಬಾಕಿ (ಇನ್ನೂ ದೀಪ ಹತ್ತಿಸದ) ಕೋಡುಗಳನ್ನೂ ಸಿಲಿಂಡರುವಾರು ಮಿಸ್‌ಫೈರ್ ಎಣಿಕೆಯನ್ನೂ ನೋಡಬೇಕು. ದೀಪ ಹತ್ತದಿದ್ದರೂ ಒಂದೇ ಸಿಲಿಂಡರಿನ ಎಣಿಕೆ ಏರುತ್ತಿದ್ದರೆ ಕೆಲಸ ಮುಗಿದಿಲ್ಲ. ಕಾಯಿಲ್, ಬೂಟು, ಪ್ಲಗ್, ವೈರಿಂಗ್, ಇಂಜೆಕ್ಟರ್ ಎಲ್ಲವೂ ಸರಿಯೆಂದು ಕಂಡ ಮೇಲೂ ಆ ಸಿಲಿಂಡರ್ ಏಳದಿದ್ದರೆ ಕಂಪ್ರೆಷನ್ ಗೇಜ್ ಹಾಕಿ. ಸಿಎನ್‌ಜಿ ಒಣ ಇಂಧನವಾದ್ದರಿಂದ ಅದರಲ್ಲೇ ಬಹಳ ಓಡಿದ ಗಾಡಿಗಳಲ್ಲಿ ವಾಲ್ವ್ ಸೀಟು ಸವೆದು, ಟ್ಯಾಪೆಟ್ ಗ್ಯಾಪ್ (ವಾಲ್ವಿನ ತಲೆಯ ಮೇಲೆ ಬಿಟ್ಟಿರುವ ಸಣ್ಣ ಸಂದು) ಕಡಿಮೆಯಾಗಿ, ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿರುವುದುಂಟು. ಆಗ ಮೊದಲು ಟ್ಯಾಪೆಟ್ ಗ್ಯಾಪ್ ಅಳೆದು ಸರಿಪಡಿಸಿ, ಕಂಪ್ರೆಷನ್ ಮತ್ತೆ ನೋಡಿ; ಅದಕ್ಕೂ ಏರದಿದ್ದರೆ ನಾಲ್ಕೂ ಸಿಲಿಂಡರಿನ ಅಳತೆಗಳನ್ನು ಬರೆದುಕೊಂಡು ಗಾಡಿಯನ್ನು ಹೆಡ್ ಕೆಲಸದವರಿಗೆ ಒಪ್ಪಿಸಬೇಕು.